ಕೆಂಪು ಗುಳಿಗೆಯ ಹಿಂದೆ ಒಬ್ಬ ಡಾಕ್ಟರಮ್ಮ

ಬಸುರಿ ಇರುವ ಮನೆಗೆ ಹೋದರೆ ಎರಡು ವಸ್ತು ಕಣ್ಣಿಗೆ ಬಿದ್ದೇ ಬೀಳುತ್ತವೆ. ಒಂದು ತಾಯಿ ಕಾರ್ಡ್. ಇನ್ನೊಂದು ಗೋಡೆಯ ಗೂಡಿನಲ್ಲೋ ಟಿವಿಯ ಮೇಲೋ ಇಟ್ಟಿರುವ ಕೆಂಪು ಗುಳಿಗೆಯ ಶೀಟು. ಕೆಲವು ಮನೆಗಳಲ್ಲಿ ಶೀಟು ಖಾಲಿಯಾಗಿರುತ್ತದೆ. ಕೆಲವು ಮನೆಗಳಲ್ಲಿ ಒಂದೆರಡು ಗುಳಿಗೆ ಬಿಟ್ಟರೆ ಉಳಿದವು ಹಾಗೇ ಇರುತ್ತವೆ.

ತಿಂಗಳ ತಪಾಸಣೆಯ ದಿನ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆಯುತ್ತಾರೆ. ಕಾರ್ಡಿನ ಮೇಲೆ ಒಂದು ಸಂಖ್ಯೆ ಬರೆಯುತ್ತಾರೆ. 11ಕ್ಕಿಂತ ಕಡಿಮೆ ಬಂತೆಂದರೆ ಮಾತು ಶುರು. 'ಗುಳಿಗೆ ನುಂಗಿಲ್ಲ ಅಲ್ವಾ?' 'ನುಂಗ್ತಾ ಇದೀನಿ ಮೇಡಂ.' 'ನುಂಗಿದ್ರೆ ಯಾಕೆ ಏರಿಲ್ಲ?' ಹೆಂಗಸು ತಲೆ ತಗ್ಗಿಸುತ್ತಾಳೆ. ಈ ಮಾತುಕತೆ ನಮ್ಮಲ್ಲಿ ಬಹಳ ಜನ ಕೇಳಿದ್ದೇವೆ.

'ನುಂಗಿದರೂ ಯಾಕೆ ಏರಿಲ್ಲ?' ಅನ್ನುವುದು ನಿಜಕ್ಕೂ ಒಳ್ಳೆಯ ಪ್ರಶ್ನೆ. ಸುಮಾರು ತೊಂಬತ್ತೈದು ವರ್ಷದ ಹಿಂದೆ ಒಬ್ಬ ಡಾಕ್ಟರಮ್ಮ ಇದೇ ಪ್ರಶ್ನೆ ಕೇಳಿದ್ದರು. ಆದರೆ ಬೈಯುವುದಕ್ಕಾಗಿ ಕೇಳಲಿಲ್ಲ, ಉತ್ತರ ಹುಡುಕುವುದಕ್ಕಾಗಿ ಕೇಳಿದರು. ಅವರ ಹುಡುಕಾಟದ ಫಲವೇ ಆ ಕೆಂಪು ಗುಳಿಗೆಯ ಅರ್ಧ ಭಾಗ. ಅವರ ಹೆಸರು ಲೂಸಿ ವಿಲ್ಸ್. ಅವರ ಕೆಲಸದ ಮುಖ್ಯ ಭಾಗ ನಡೆದದ್ದು ಮುಂಬಯಿ, ಕೂನೂರು ಮತ್ತು ಮದ್ರಾಸಿನಲ್ಲಿ.

ಮುಂಬಯಿಗೆ ಬಂದ ಲೂಸಿ

ಲೂಸಿ ವಿಲ್ಸ್ ಹುಟ್ಟಿದ್ದು 1888ರ ಮೇ 10ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರ. ಕೇಂಬ್ರಿಜ್‌ನಲ್ಲಿ ಮೊದಲು ಓದಿದ್ದು ಡಾಕ್ಟರಿಕೆ ಅಲ್ಲ, ಸಸ್ಯಶಾಸ್ತ್ರ ಮತ್ತು ಭೂವಿಜ್ಞಾನ. ಮೊದಲ ಮಹಾಯುದ್ಧ ಶುರುವಾದಾಗ ದಕ್ಷಿಣ ಆಫ್ರಿಕಾದಲ್ಲಿದ್ದರು. ಅಲ್ಲಿ ಗಾಯಾಳುಗಳ ಆರೈಕೆಗೆ ನಿಂತರು. ಮರಳಿ ಬಂದು 1915ರಲ್ಲಿ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆ ಸೇರಿದರು. 1920ರಲ್ಲಿ ಡಾಕ್ಟರ್ ಆದರು.

ಡಾಕ್ಟರ್ ಆದಮೇಲೆ ಅವರು ಹಿಡಿದ ದಾರಿ ಪ್ರಯೋಗಾಲಯದ್ದು. ರೋಗಿಯ ನಾಡಿ ನೋಡಿ ಔಷಧಿ ಬರೆದುಕೊಡುವ ಡಾಕ್ಟರನ್ನು ನಾವೆಲ್ಲ ನೋಡಿರುತ್ತೇವೆ. ರೋಗಿಯ ರಕ್ತವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ರೋಗದ ಬೇರು ಹುಡುಕುವ ಡಾಕ್ಟರು ನಮಗೆ ಕಾಣುವುದು ಕಡಿಮೆ. ಲೂಸಿ ಆ ಎರಡನೆಯ ಬಗೆಯವರು. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಗರ್ಭಿಣಿಯರ ದೇಹದೊಳಗೆ ಆಗುವ ಬದಲಾವಣೆಗಳ ಬಗ್ಗೆ ಕೆಲಸ ಮಾಡುತ್ತಿದ್ದರು.

ಅದೇ ಹೊತ್ತಿಗೆ ಭಾರತದಲ್ಲಿ ಬಾಣಂತಿಯರ ಸಾವಿನ ಬಗ್ಗೆ ಒಂದು ವಿಚಾರಣೆ ನಡೆಯುತ್ತಿತ್ತು. ಮಾರ್ಗರೆಟ್ ಬಾಲ್ಫರ್ ಎಂಬ ಡಾಕ್ಟರು ಇಲ್ಲಿನ ಮಹಿಳಾ ವೈದ್ಯಕೀಯ ಸೇವೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಗರ್ಭಿಣಿಯರನ್ನು ಕೊಲ್ಲುತ್ತಿದ್ದ ಒಂದು ಬಗೆಯ ರಕ್ತಹೀನತೆಯ ಕಾರಣ ಕಂಡುಹಿಡಿಯಲು ಅವರು ಲೂಸಿಯನ್ನು ಕರೆದರು. 1928ರಲ್ಲಿ ಲೂಸಿ ಮುಂಬಯಿಗೆ ಬಂದರು. ಆಗ ಅದು ಬೊಂಬಾಯಿ. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳೂ ಆಗ ಬೊಂಬಾಯಿ ಪ್ರಾಂತ್ಯದೊಳಗೇ ಇದ್ದವು.

ಕೆಲಸದ ಜಾಗ ಪರೇಲ್‌ನ ಹಾಫ್ಕಿನ್ ಸಂಸ್ಥೆ. ಪ್ಲೇಗ್ ಲಸಿಕೆಗೆ ಹೆಸರಾದ ಪ್ರಯೋಗಾಲಯ ಅದು. ಸುತ್ತಮುತ್ತ ಬಟ್ಟೆ ಗಿರಣಿಗಳು, ಗಿರಣಿ ಕೆಲಸಗಾರರ ಚಾಳುಗಳು. ಆ ಚಾಳುಗಳ ಬಡ ಹೆಂಗಸರು ಬಸುರಾದಾಗ ಮುಖ ಬಿಳಿಚಿಕೊಂಡು, ಮೈಕಾಲು ಊದಿಕೊಂಡು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬಿಡುತ್ತ ಆಸ್ಪತ್ರೆಗೆ ಬರುತ್ತಿದ್ದರು. ಎಷ್ಟೋ ಜನ ಮರಳಿ ಮನೆಗೆ ಹೋಗುತ್ತಿರಲಿಲ್ಲ.

ಒಂದು ಹನಿ ರಕ್ತದಲ್ಲಿ ಕಂಡದ್ದು

ಈಗ ರಕ್ತ ಪರೀಕ್ಷೆ ಎಂದರೆ ಯಂತ್ರಕ್ಕೆ ಕೊಟ್ಟು ಚೀಟಿ ತೆಗೆದುಕೊಳ್ಳುವುದು. ಆಗ ಯಂತ್ರ ಇರಲಿಲ್ಲ. ಬೆರಳಿನಿಂದ ತೆಗೆದ ರಕ್ತವನ್ನು ಸಣ್ಣ ಗಾಜಿನ ಕೊಳವೆಯಲ್ಲಿ ಅಳೆದು, ದ್ರಾವಣದಲ್ಲಿ ತೆಳುವಾಗಿಸಿ, ಗೆರೆ ಕೊರೆದ ಗಾಜಿನ ಮೇಲೆ ಬಿಡುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ಒಂದೊಂದು ಚೌಕದೊಳಗಿನ ಕಣಗಳನ್ನು ಕಣ್ಣಿನಿಂದಲೇ ಎಣಿಸಬೇಕಿತ್ತು. ಆರೋಗ್ಯವಂತ ಹೆಂಗಸಿನ ರಕ್ತದಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಘನ ಮಿಲಿಮೀಟರ್ ಜಾಗದಲ್ಲೇ ಸುಮಾರು 45 ಲಕ್ಷ ಕೆಂಪು ಕಣಗಳಿರುತ್ತವೆ. ಈ ರಕ್ತಹೀನತೆ ಕೈಮೀರಿದವರಲ್ಲಿ ಆ ಲೆಕ್ಕ ಅರ್ಧಕ್ಕೂ ಕೆಳಗೆ ಇಳಿಯುತ್ತದೆ.

ಸಂಖ್ಯೆ ಕಡಿಮೆ ಇದ್ದದ್ದು ಆಶ್ಚರ್ಯವಲ್ಲ. ಆಶ್ಚರ್ಯ ಇದ್ದದ್ದು ಗಾತ್ರದಲ್ಲಿ. ಕಬ್ಬಿಣಾಂಶ ಸಾಲದೆ ಬರುವ ರಕ್ತಹೀನತೆಯಲ್ಲಿ ಕೆಂಪು ಕಣಗಳು ಚಿಕ್ಕದಾಗಿ, ಬಣ್ಣಗೆಟ್ಟು ಕಾಣುತ್ತವೆ. ಈ ಹೆಂಗಸರ ರಕ್ತದಲ್ಲಿ ಕಣಗಳು ಕಡಿಮೆ, ಆದರೆ ಒಂದೊಂದೂ ಇರಬೇಕಾದ್ದಕ್ಕಿಂತ ದೊಡ್ಡದು.

ಇದನ್ನು ರೊಟ್ಟಿ ಹಿಟ್ಟಿಗೆ ಹೋಲಿಸಿ ನೋಡಬಹುದು. ಹಿಟ್ಟೇ ಕಡಿಮೆ ಬಿದ್ದರೆ ಉಂಡೆಗಳು ಚಿಕ್ಕದಾಗುತ್ತವೆ. ಕಬ್ಬಿಣಾಂಶದ ಕೊರತೆ ಹಾಗೆ. ಹಿಟ್ಟು ಸಾಕಷ್ಟಿದೆ, ಆದರೆ ಅದನ್ನು ಪಾಲು ಮಾಡಿ ಉಂಡೆ ಕಟ್ಟುವ ಕೈ ಇಲ್ಲ ಅಂದುಕೊಳ್ಳಿ. ಆಗ ಹತ್ತು ಉಂಡೆ ಆಗಬೇಕಾದ ಕಡೆ ಮೂರೋ ನಾಲ್ಕೋ ದೊಡ್ಡ ಮುದ್ದೆಗಳಾಗುತ್ತವೆ. ಮುಂಬಯಿಯ ಹೆಂಗಸರ ರಕ್ತದಲ್ಲಿ ಕಂಡದ್ದು ಇದು. ಅಂದರೆ ಇವರಿಗೆ ಕೊರತೆ ಇದ್ದದ್ದು ಕಬ್ಬಿಣಾಂಶದ್ದು ಮಾತ್ರವಲ್ಲ. ಕಣಗಳು ಒಡೆದು ಎರಡಾಗಲು ಬೇಕಾದ ಇನ್ನೇನೋ ಒಂದು ದೇಹಕ್ಕೆ ಸಿಗುತ್ತಿರಲಿಲ್ಲ. ಏನದು ಎನ್ನುವುದು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪ್ರಯೋಗಾಲಯದಿಂದ ಅಡುಗೆ ಮನೆಗೆ

ಆಗಿನ ಕಾಲದಲ್ಲಿ ರೋಗ ಎಂದರೆ ಮೊದಲ ಅನುಮಾನ ರೋಗಾಣುವಿನ ಮೇಲೆ. ಲೂಸಿಯೂ ಅಲ್ಲಿಂದಲೇ ಶುರುಮಾಡಿದರು. ಕರುಳಿನಲ್ಲಿ ಯಾವುದಾದರೂ ಸೋಂಕು ಇದೆಯೇ ಎಂದು ಹುಡುಕಿದರು. ಕಾರಣ ಎನ್ನಬಹುದಾದ ಸೋಂಕು ಸಿಗಲಿಲ್ಲ.

ಆಮೇಲೆ ಅವರು ಕೇಳಿದ್ದು ಸರಳವಾದ ಪ್ರಶ್ನೆ: ಈ ಹೆಂಗಸರು ಏನು ಉಣ್ಣುತ್ತಾರೆ? ಎಸ್. ಎನ್. ತಳಪದೆ ಅವರ ಜೊತೆ ಸೇರಿ ಮುಂಬಯಿಯ ಹೆಂಗಸರ ಊಟ ಮತ್ತು ವಾಸದ ಸ್ಥಿತಿಗತಿಯ ಸಮೀಕ್ಷೆ ಮಾಡಿದರು. 1930ರಲ್ಲಿ ಅದು ಪ್ರಕಟವಾಯಿತು. ಎಂ. ಎಂ. ಮೆಹ್ತಾ ಅವರ ಜೊತೆಗೂ ಅದೇ ವರ್ಷ ಬರೆದರು. ಈ ಕೆಲಸದಲ್ಲಿ ಲೂಸಿಯ ಜೊತೆ ನಿಂತ ಇಲ್ಲಿನವರ ಹೆಸರುಗಳನ್ನೂ ನಾವು ನೆನಪಿಟ್ಟುಕೊಳ್ಳಬೇಕು.

ಸಮೀಕ್ಷೆಯಿಂದ ಒಂದು ಚಿತ್ರ ಮೂಡಿತು. ಉಳ್ಳವರ ಮನೆಗಳಲ್ಲಿ ಈ ರೋಗ ಅಪರೂಪ. ಬಡವರ ಮನೆಗಳಲ್ಲಿ, ಅದರಲ್ಲೂ ತೀರ ಬಡ ಮುಸ್ಲಿಂ ಕುಟುಂಬಗಳಲ್ಲಿ ಹೆಚ್ಚು. ಆ ಮನೆಗಳ ತಟ್ಟೆಯಲ್ಲಿ ಹೊಟ್ಟೆ ತುಂಬಿಸುವ ಅನ್ನ, ರೊಟ್ಟಿಗಳಿದ್ದವು. ಹಣ್ಣು, ತರಕಾರಿ, ಮೈಗೆ ಶಕ್ತಿ ಕೊಡುವ ಉಳಿದ ಪದಾರ್ಥಗಳು ತೀರ ಕಡಿಮೆ. ಮೇಲಾಗಿ ಬಸಿರು. ಹೊಟ್ಟೆಯಲ್ಲಿ ಬೆಳೆಯುವ ಜೀವಕ್ಕೂ ಅದೇ ತಟ್ಟೆಯಿಂದ ಹೋಗಬೇಕು.

ಈ ರೋಗ ಜಾತಿಯಿಂದ ಬಂದದ್ದಲ್ಲ, ಧರ್ಮದಿಂದ ಬಂದದ್ದಲ್ಲ, ಸೆಕೆಯ ದೇಶದಲ್ಲಿ ಹುಟ್ಟಿದ್ದರಿಂದ ಬಂದದ್ದೂ ಅಲ್ಲ. ತಟ್ಟೆಯಲ್ಲಿ ಇಲ್ಲದ್ದು ರಕ್ತದಲ್ಲಿ ಕಾಣುತ್ತಿತ್ತು.

ಕೂನೂರಿನ ಇಲಿಗಳು

ಅನುಮಾನ ಬಂದರೆ ಸಾಲದು, ಸಾಬೀತು ಮಾಡಬೇಕು. 1929ರಲ್ಲಿ ಲೂಸಿ ನೀಲಗಿರಿಯ ಕೂನೂರಿಗೆ ಹೋದರು. ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋದವರಿಗೆ ಕೂನೂರು ಗೊತ್ತಿರುತ್ತದೆ. ಅಲ್ಲಿನ ಪಾಶ್ಚರ್ ಸಂಸ್ಥೆಯ ಆವರಣದಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ಡಾಕ್ಟರು ಆಹಾರದ ಬಗ್ಗೆ ಸಂಶೋಧನೆ ನಡೆಸುತ್ತಿದ್ದರು. ಭಾರತದ ಬೇರೆ ಬೇರೆ ಭಾಗದ ಜನರ ಊಟವನ್ನು ಇಲಿಗಳಿಗೆ ಹಾಕಿ, ಅವು ಹೇಗೆ ಬೆಳೆಯುತ್ತವೆ ಎಂದು ನೋಡಿದವರು ಅವರು. ಅದೇ ಮುಂದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿ ಬೆಳೆಯಿತು.

ಲೂಸಿ ಮುಂಬಯಿಯ ಬಡ ಹೆಂಗಸರು ಉಣ್ಣುತ್ತಿದ್ದಂಥ ಊಟವನ್ನೇ ಇಲಿಗಳಿಗೆ ಹಾಕಿಸಿದರು. ಇಲಿಗಳಿಗೂ ರಕ್ತಹೀನತೆ ಬಂತು. ಅದೇ ಊಟಕ್ಕೆ ಯೀಸ್ಟ್ ಸೇರಿಸಿದರೆ ರೋಗ ಬರಲಿಲ್ಲ. ಬೇಕರಿಯವರು ಬನ್ನಿನ ಹಿಟ್ಟು ಉಬ್ಬಲೆಂದು ಹಾಕುತ್ತಾರಲ್ಲ, ಅದೇ ಯೀಸ್ಟ್.

ಇಲ್ಲೊಂದು ತಿರುವು ಇದೆ. ಆ ಇಲಿಗಳ ರಕ್ತಹೀನತೆಗೆ ಕಾರಣ ಊಟ ಮಾತ್ರ ಅಲ್ಲ ಎಂದು ಆಮೇಲೆ ಗೊತ್ತಾಯಿತು. ಇಲಿಗಳ ಮೈಮೇಲಿನ ಹೇನು ಬಾರ್ಟೊನೆಲ್ಲಾ ಎಂಬ ಸೋಂಕನ್ನು ಹರಡುತ್ತಿತ್ತು. ಕೆಟ್ಟ ಊಟದಿಂದ ಸೊರಗಿದ ಇಲಿಗಳು ಆ ಸೋಂಕಿಗೆ ಬೇಗ ಬಲಿಯಾಗುತ್ತಿದ್ದವು. ಬೇರೆಯವರಾದರೆ ಇಷ್ಟಕ್ಕೇ ಕೈ ಚೆಲ್ಲುತ್ತಿದ್ದರೇನೋ. ಲೂಸಿ ಬಿಡಲಿಲ್ಲ. ಸೋಂಕಿನ ಗೊಂದಲ ಬೇರೆ, ಯೀಸ್ಟಿನ ಸುಳಿವು ಬೇರೆ ಎಂದು ಎರಡನ್ನೂ ಬಿಡಿಸಿ ನೋಡಿದರು. ಮುಂದೆ ಎಚ್. ಎಸ್. ಬಿಲಿಮೋರಿಯಾ ಅವರ ಜೊತೆ ಕೋತಿಗಳಿಗೆ ಅಂಥದೇ ಕೊರತೆಯ ಊಟ ಕೊಟ್ಟು ನೋಡಿದರು. ಕೋತಿಗಳ ರಕ್ತದಲ್ಲೂ ಅದೇ ದೊಡ್ಡ ಕಣಗಳು ಕಂಡವು. 1932ರಲ್ಲಿ ಆ ಫಲಿತಾಂಶ ಪ್ರಕಟವಾಯಿತು.

ಹಿತ್ತಲ ಗಿಡ ಮದ್ದಾಯಿತು

ಇಲಿ, ಕೋತಿಗಳ ಕಥೆ ಹಾಗಿರಲಿ. ಆಸ್ಪತ್ರೆಯ ಮಂಚದ ಮೇಲಿದ್ದ ಹೆಂಗಸರ ಗತಿ ಏನು?

ಆಗ ದೊಡ್ಡ ಕಣಗಳ ರಕ್ತಹೀನತೆಗೆ ಗೊತ್ತಿದ್ದ ಮದ್ದು ಒಂದೇ, ಈಲಿ, ಅಂದರೆ ಲಿವರ್. 1926ರಲ್ಲಿ ಅಮೆರಿಕದ ಮೈನಟ್ ಮತ್ತು ಮರ್ಫಿ ಎಂಬ ಡಾಕ್ಟರುಗಳು ಅದನ್ನು ತೋರಿಸಿದ್ದರು. ಅದಕ್ಕೆ 1934ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ದಿನವೂ ಈಲಿ ತಿನ್ನಬೇಕು, ಇಲ್ಲವೇ ಅದರ ಸಾರದ ಔಷಧಿ ಕೊಳ್ಳಬೇಕು. ಗಿರಣಿ ಕೂಲಿಯವರಿಗೆ ಅದು ಆಗುವ ಮಾತೇ? ಮಾಂಸ ಮುಟ್ಟದವರ ಪಾಡೇನು?

ಲೂಸಿ ರೋಗಿಗಳಿಗೆ ಯೀಸ್ಟ್ ಕೊಟ್ಟು ನೋಡಿದರು. ಯೀಸ್ಟಿನ ಸಾರದಿಂದ ಮಾಡಿದ ಮಾರ್ಮೈಟ್ ಎಂಬ ಲೇಹ್ಯದಂಥ ಪದಾರ್ಥವನ್ನೂ ಕೊಟ್ಟರು. ಬಿಯರ್ ತಯಾರಿಸಿ ಉಳಿದ ಯೀಸ್ಟಿನಿಂದ ಮಾಡುವ, ಇಂಗ್ಲೆಂಡಿನವರು ಬ್ರೆಡ್ಡಿಗೆ ಸವರಿ ತಿನ್ನುವ ಅಗ್ಗದ ಪದಾರ್ಥ ಅದು. ಕಪ್ಪಗೆ, ಅಂಟಂಟಾಗಿ, ಉಪ್ಪುಪ್ಪಾಗಿ ಇರುತ್ತದೆ.

ಕೆಲಸ ಮಾಡಿತು. ಕೆಲವೇ ದಿನಗಳಲ್ಲಿ ರಕ್ತದಲ್ಲಿ ಹೊಸ ಎಳೆಯ ಕಣಗಳು ಏರತೊಡಗಿದವು. ಎಳೆಯ ಕಣಗಳನ್ನು ಎಣಿಸುವುದೇ ಆಗಿನ ಒರೆಗಲ್ಲು. ಔಷಧಿ ಹತ್ತಿದೆಯೋ ಇಲ್ಲವೋ ಎನ್ನುವುದನ್ನು ಅವು ಎಲ್ಲಕ್ಕಿಂತ ಮೊದಲು ಹೇಳುತ್ತವೆ. ಸಾವಿನ ಬಾಗಿಲಲ್ಲಿದ್ದ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಲೂಸಿ ಮದ್ರಾಸಿನ ಕಾಸ್ಟ್ ಅಂಡ್ ಗೋಷಾ ಆಸ್ಪತ್ರೆಯಲ್ಲೂ ಕೆಲಸ ಮಾಡಿದರು. ಗೋಷಾ ಪದ್ಧತಿಯ ಹೆಂಗಸರಿಗಾಗಿ ಕಟ್ಟಿದ ಆಸ್ಪತ್ರೆ ಅದು, ಈಗ ಕಸ್ತೂರಬಾ ಗಾಂಧಿ ಆಸ್ಪತ್ರೆ. ಅದೇ ವರ್ಷ ಜೂನ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರ ಲೇಖನ ಬಂತು.

ಯೀಸ್ಟಿನೊಳಗೆ ಇರುವ ಆ ವಸ್ತು ಯಾವುದು ಎಂದು ಅವರಿಗೆ ಗೊತ್ತಿರಲಿಲ್ಲ. ಅದನ್ನು ಜನ 'ವಿಲ್ಸ್ ಅಂಶ' ಎಂದು ಕರೆದರು. ಹೆಸರು ಗೊತ್ತಾಗುವವರೆಗೆ ಕಾಯುತ್ತ ಕೂರದೆ, ಗೊತ್ತಿದ್ದಷ್ಟರಿಂದಲೇ ಜೀವ ಉಳಿಸಿದರು.

ಔಷಧಿ ಹತ್ತದಿದ್ದರೆ ತಪ್ಪು ಯಾರದು?

ನಮಗೆ ಲೂಸಿಯ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮುಂದಿನ ಸಂಗತಿ.

ಔಷಧಿ ಕಂಪನಿಗಳು ಈಲಿಯ ಸಾರವನ್ನು ಹೆಚ್ಚು ಹೆಚ್ಚು ಶುದ್ಧ ಮಾಡುತ್ತ ಹೋದವು. ಬಿಳಿಯರ ದೇಶಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದ 'ಪರ್ನಿಷಿಯಸ್' ರಕ್ತಹೀನತೆಗೆ ಈ ಶುದ್ಧ ಔಷಧಿ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆದರೆ ಮುಂಬಯಿಯ ಹೆಂಗಸರಲ್ಲಿ ಕಂಡಂಥ ರಕ್ತಹೀನತೆಗೆ ಅದು ಹತ್ತಲಿಲ್ಲ. ಶುದ್ಧ ಮಾಡದ ಒರಟು ಸಾರ ಕೊಟ್ಟರೆ ಹತ್ತುತ್ತಿತ್ತು.

ಸೂಕ್ಷ್ಮದರ್ಶಕದಲ್ಲಿ ಎರಡೂ ರೋಗ ಒಂದೇ ಥರ ಕಾಣುತ್ತವೆ. ದೊಡ್ಡ ಡಾಕ್ಟರುಗಳು ಒಪ್ಪಿದ ಔಷಧಿ, ನೊಬೆಲ್ ಬಂದ ಔಷಧಿ. 'ರೋಗಿಗಳೇ ಸರಿಯಾಗಿ ತೆಗೆದುಕೊಂಡಿಲ್ಲ' ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭವಿತ್ತು. ಲೂಸಿ ಹಾಗೆ ಹೇಳಲಿಲ್ಲ. ಔಷಧಿ ಹತ್ತದಿದ್ದರೆ ರೋಗ ಬೇರೆ ಇರಬೇಕು ಎಂದರು. ಒರಟು ಸಾರದಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ, ಶುದ್ಧ ಮಾಡುವಾಗ ಒಂದು ಉಳಿದು ಇನ್ನೊಂದು ಸೋರಿಹೋಗುತ್ತಿದೆ ಎನ್ನುವುದನ್ನು 1937ರ ಹೊತ್ತಿಗೆ ಜೊತೆಗಾರರೊಂದಿಗೆ ಮುಂದಿಟ್ಟರು.

ಅವರು ಹೇಳಿದ್ದು ನಿಜವಾಯಿತು. ಶುದ್ಧ ಸಾರದಲ್ಲಿ ಉಳಿದದ್ದು ಇಂದಿನ ಬಿ12 ವಿಟಮಿನ್. ಸೋರಿಹೋಗುತ್ತಿದ್ದ ವಿಲ್ಸ್ ಅಂಶವೇ ಇಂದಿನ ಫೋಲಿಕ್ ಆಸಿಡ್.

ಸೊಪ್ಪಿನಿಂದ ಬಂದ ಹೆಸರು

1941ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಮಿಚೆಲ್, ಸ್ನೆಲ್, ವಿಲಿಯಮ್ಸ್ ಎಂಬ ಮೂವರು ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪನ್ನು ಅರೆದು, ಸೋಸಿ ಒಂದು ವಸ್ತುವನ್ನು ಬೇರ್ಪಡಿಸಿದರು. ಲ್ಯಾಟಿನ್ ಭಾಷೆಯಲ್ಲಿ 'ಫೋಲಿಯಂ' ಎಂದರೆ ಎಲೆ. ಅದರಿಂದ ಫೋಲಿಕ್ ಆಸಿಡ್ ಎಂದು ಹೆಸರಿಟ್ಟರು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಸೊಪ್ಪಿನ ಸತ್ವ.

1945ರಲ್ಲಿ ಅದನ್ನು ಕಾರ್ಖಾನೆಯಲ್ಲಿ ತಯಾರಿಸುವ ದಾರಿಯನ್ನು ಅಮೆರಿಕದ ಲೆಡರ್ಲೆ ಪ್ರಯೋಗಾಲಯ ಕಂಡುಕೊಂಡಿತು. ಆ ಪ್ರಯೋಗಾಲಯದ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ನಮ್ಮ ನೆರೆಯ ಆಂಧ್ರದ ಭೀಮವರಂನ ಯಲ್ಲಾಪ್ರಗಡ ಸುಬ್ಬರಾವ್. ಸ್ಪ್ರೂ ಎಂಬ ಹೊಟ್ಟೆಯ ಕಾಯಿಲೆಗೆ ಸೋದರನನ್ನು ಕಳೆದುಕೊಂಡವರು ಅವರು. ಫೋಲಿಕ್ ಆಸಿಡ್ ಆ ಕಾಯಿಲೆಯ ರಕ್ತಹೀನತೆಗೂ ಮದ್ದಾಯಿತು. ಅಲ್ಲಿಂದ ಮುಂದೆ ಫೋಲಿಕ್ ಆಸಿಡ್ ಬಡವರ ಕೈಗೂ ಎಟುಕುವ ಪುಟ್ಟ ಗುಳಿಗೆಯಾಯಿತು.

ಆ ಹೊತ್ತಿಗೆ ಲೂಸಿ ಲಂಡನ್ನಿನಲ್ಲಿದ್ದರು. ಎರಡನೇ ಮಹಾಯುದ್ಧದ ಕಾಲ. ರಾಯಲ್ ಫ್ರೀ ಆಸ್ಪತ್ರೆಯ ಮೇಲೆ 1944ರಲ್ಲಿ ಬಾಂಬ್ ಬಿತ್ತು. ಯುದ್ಧ ಮುಗಿಯುವ ವೇಳೆಗೆ ಅವರು ಅಲ್ಲಿನ ಪೆಥಾಲಜಿ ವಿಭಾಗ ನೋಡಿಕೊಳ್ಳುತ್ತಿದ್ದರು, ರಕ್ತರೋಗಗಳಿಗೇ ಒಂದು ವಿಭಾಗ ಕಟ್ಟಿದ್ದರು. ಯುದ್ಧಕಾಲದ ರೇಷನ್ನಿನಲ್ಲಿ ಬದುಕುತ್ತಿದ್ದ ಗರ್ಭಿಣಿಯರಿಗೆ ಕಬ್ಬಿಣಾಂಶದ ಔಷಧಿ ಕೊಟ್ಟರೆ ಹಿಮೋಗ್ಲೋಬಿನ್ ಎಷ್ಟು ಏರುತ್ತದೆ ಎಂದು ಅವರ ತಂಡ ಲೆಕ್ಕ ಹಾಕಿತು. 1947ರಲ್ಲಿ ಅದೂ ಪ್ರಕಟವಾಯಿತು. ನಮ್ಮ ಕೆಂಪು ಗುಳಿಗೆಯಲ್ಲಿ ಇರುವುದು ಎರಡೇ ಮದ್ದು: ಕಬ್ಬಿಣಾಂಶ ಮತ್ತು ಫೋಲಿಕ್ ಆಸಿಡ್. ಎರಡರ ಇತಿಹಾಸದಲ್ಲೂ ಲೂಸಿಯ ಕೈಬರಹ ಇದೆ.

1947ರಲ್ಲಿ ನಿವೃತ್ತರಾದರೂ ಕೂರಲಿಲ್ಲ. ಜಮೈಕಾ, ಫಿಜಿ ಎಂದು ಬಡ ನಾಡುಗಳ ತಾಯಂದಿರ ಪೌಷ್ಟಿಕತೆ ನೋಡಲು ಓಡಾಡಿದರು. ಲಂಡನ್ನಿನ ಚೆಲ್ಸಿ ಬಡಾವಣೆಯಲ್ಲಿ ಲೇಬರ್ ಪಕ್ಷದಿಂದ ಕೌನ್ಸಿಲ್ ಸದಸ್ಯೆಯಾದರು. 1964ರ ಏಪ್ರಿಲ್‌ನಲ್ಲಿ ತೀರಿಕೊಂಡರು. 2019ರ ಮೇ 10ರಂದು ಗೂಗಲ್ ತೆರೆದವರು ಮಾರ್ಮೈಟ್ ಸವರಿದ ಬ್ರೆಡ್ಡಿನ ಜೊತೆ ಅವರ ಚಿತ್ರ ನೋಡಿರಬಹುದು.

ಅವರು ತೀರಿಹೋದ ಮೇಲೂ ಆ ಸೊಪ್ಪಿನ ಸತ್ವದ ಕಥೆ ಮುಗಿಯಲಿಲ್ಲ. ಗರ್ಭ ನಿಂತ ಮೊದಲ ನಾಲ್ಕು ವಾರದಲ್ಲೇ ಮಗುವಿನ ಮೆದುಳು, ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳಬೇಕು. ಫೋಲಿಕ್ ಆಸಿಡ್ ಸಾಲದಿದ್ದರೆ ಅದು ಸರಿಯಾಗಿ ಮುಚ್ಚದೆ, ಬೆನ್ನಿನಲ್ಲಿ ಗಂಟಿನಂಥ ದೋಷ ಇರುವ ಮಗು ಹುಟ್ಟಬಹುದು. ಅಂಥ ಮಗು ಹಿಂದೆ ಹುಟ್ಟಿದ್ದ ತಾಯಂದಿರ ಮೇಲೆ ಏಳು ದೇಶಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 1991ರಲ್ಲಿ ಬಂತು. ಬಸಿರಿಗೆ ಮೊದಲೇ ಫೋಲಿಕ್ ಆಸಿಡ್ ಶುರುಮಾಡಿದರೆ ದೋಷ ಮರುಕಳಿಸುವುದು ನೂರಕ್ಕೆ 72ರಷ್ಟು ಕಡಿಮೆಯಾಗುತ್ತದೆ ಎಂದು ಅದು ತೋರಿಸಿತು. ಮಗು ಬೇಕೆಂದು ಯೋಚಿಸುವಾಗಲೇ ಡಾಕ್ಟರನ್ನು ಕೇಳಿ ಈ ಗುಳಿಗೆ ಶುರುಮಾಡಬೇಕು ಎನ್ನುವುದು ಇದಕ್ಕೇ.

ಮತ್ತೆ ನಮ್ಮ ತಾಯಿ ಕಾರ್ಡಿಗೆ

ನಮ್ಮ ದೇಶದಲ್ಲಿ ಗರ್ಭಿಣಿಯರಿಗೆ ಕಬ್ಬಿಣಾಂಶ ಮತ್ತು ಫೋಲಿಕ್ ಆಸಿಡ್ ಹಂಚುವ ಕಾರ್ಯಕ್ರಮ ಶುರುವಾದದ್ದು 1970ರಲ್ಲಿ. 2018ರಲ್ಲಿ ಅದು ರಕ್ತಹೀನತೆ ಮುಕ್ತ ಭಾರತ ಎಂದು ಹೊಸ ರೂಪ ಪಡೆಯಿತು. ಮೊದಲ ಮೂರು ತಿಂಗಳು ಬರೀ ಫೋಲಿಕ್ ಆಸಿಡ್. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು ಕೆಂಪು ಗುಳಿಗೆ, 180 ದಿನ. ಹೆರಿಗೆಯಾದ ಮೇಲೆ ಮತ್ತೆ 180 ದಿನ. ಒಂದು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, ಅರ್ಧ ಮಿಲಿಗ್ರಾಂ ಫೋಲಿಕ್ ಆಸಿಡ್.

ಇಷ್ಟೆಲ್ಲ ಇದ್ದೂ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಜನರಿಗೆ ರಕ್ತಹೀನತೆ. ಕಾರಣ ಗೊತ್ತಿದೆ, ಮದ್ದು ಗೊತ್ತಿದೆ, ಗುಳಿಗೆ ಪುಕ್ಕಟೆ. ಆದರೂ ಅರ್ಧಕ್ಕರ್ಧ ತಾಯಂದಿರು.

ಗುಳಿಗೆ ನುಂಗದೇ ಬಿಡುವವರು ಇದ್ದಾರೆ, ಸುಳ್ಳಲ್ಲ. ನುಂಗಿದರೆ ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ. 'ಮಗು ಕಪ್ಪಾಗುತ್ತೆ', 'ಮಗು ದಪ್ಪ ಆಗಿ ಹೆರಿಗೆ ಕಷ್ಟ' ಎಂಬ ಮಾತು ಬೇರೆ. ಮಲ ಕಪ್ಪಾಗುವುದು ಕಬ್ಬಿಣಾಂಶದಿಂದ, ಅದರಿಂದ ತೊಂದರೆ ಇಲ್ಲ. ಮಗುವಿನ ಬಣ್ಣಕ್ಕೂ ಗುಳಿಗೆಗೂ ಸಂಬಂಧವೇ ಇಲ್ಲ. ವಾಕರಿಕೆ ಬಂದರೆ ಊಟವಾದ ಮೇಲೆ, ರಾತ್ರಿ ಹೊತ್ತು ನುಂಗಿ ನೋಡಬಹುದು. ಚಹಾ, ಕಾಫಿ, ಹಾಲಿನ ಜೊತೆ ಮಾತ್ರ ಬೇಡ, ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣು, ನೆಲ್ಲಿಕಾಯಿ ಜೊತೆಗಿದ್ದರೆ ಒಳ್ಳೆಯದು.

ಆದರೆ ನುಂಗಿಯೂ ಏರದವರಿದ್ದಾರೆ. ಅವರನ್ನು ನಂಬಬೇಕು. ಕಾರಣ ಬೇರೆ ಇರಬಹುದು. ಹೊಟ್ಟೆಯಲ್ಲಿ ಕೊಕ್ಕೆಹುಳು ಇರಬಹುದು, ಮಲೇರಿಯಾ ಇರಬಹುದು. ತಂದೆತಾಯಿಯಿಂದ ಬಂದ ಥಲಸ್ಸೇಮಿಯಾ, ಸಿಕಲ್ ಸೆಲ್‌ನಂಥ ರಕ್ತದ ದೋಷ ಇರಬಹುದು. ಹಾಲು, ಮೊಟ್ಟೆ, ಮಾಂಸ ಯಾವುದೂ ಸರಿಯಾಗಿ ಸಿಗದವರಿಗೆ ಬಿ12 ಕೊರತೆ ಇರಬಹುದು. ಬಿ12 ಕೊರತೆ ಇದ್ದಾಗ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು. ಕೈಕಾಲು ಜೋಮು ಹಿಡಿಯುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಇದರರ್ಥ ಆಶಾ ಅಕ್ಕ ಕೊಟ್ಟ ಗುಳಿಗೆ ಬಿಡಿ ಎಂದಲ್ಲ. ಗುಳಿಗೆ ನುಂಗುತ್ತಲೇ, ಏರದಿದ್ದರೆ 'ಯಾಕೆ' ಎಂದು ಕೇಳಿ ಎಂದು.

ಕೇಳುವುದಕ್ಕೆ ಒಂದು ಸುಲಭ ದಾರಿ ಇದೆ. ಲ್ಯಾಬಿನಲ್ಲಿ ಪೂರ್ತಿ ರಕ್ತ ಪರೀಕ್ಷೆ, ಸಿಬಿಸಿ ಅನ್ನುತ್ತಾರಲ್ಲ, ಮಾಡಿಸಿದರೆ ಕೊಡುವ ಚೀಟಿಯಲ್ಲಿ ಎಂಸಿವಿ ಎಂದು ಒಂದು ಸಾಲು ಇರುತ್ತದೆ. ಕೆಂಪು ಕಣದ ಸರಾಸರಿ ಗಾತ್ರ ಅದು. ಸಾಮಾನ್ಯವಾಗಿ 80ರಿಂದ 100ರ ನಡುವೆ ಇರಬೇಕು. ಕಡಿಮೆ ಇದ್ದರೆ ಚಿಕ್ಕ ಉಂಡೆ, ಕಬ್ಬಿಣಾಂಶದ ಕಡೆ ಅನುಮಾನ. ಹೆಚ್ಚಿದ್ದರೆ ದೊಡ್ಡ ಮುದ್ದೆ, ಫೋಲಿಕ್ ಆಸಿಡ್ ಅಥವಾ ಬಿ12 ಕಡೆ ಅನುಮಾನ. ಎರಡೂ ಕೊರತೆ ಒಟ್ಟಿಗಿದ್ದರೆ ಸಂಖ್ಯೆ ನಡುವೆಯೂ ನಿಲ್ಲಬಹುದು, ಅದಕ್ಕೇ ಕೊನೆಯ ಮಾತು ಡಾಕ್ಟರದ್ದು. ಆ ಸಾಲನ್ನು ಬೆರಳಿಟ್ಟು ತೋರಿಸಿ 'ಇದು ಯಾಕೆ ಹೀಗಿದೆ?' ಎಂದು ಕೇಳುವ ಹಕ್ಕು ನಮ್ಮದು. ಲೂಸಿ ಕಣ್ಣು ನೋಯಿಸಿಕೊಂಡು ಸೂಕ್ಷ್ಮದರ್ಶಕದಲ್ಲಿ ನೋಡಿದ್ದು ಇದನ್ನೇ.

ತಟ್ಟೆಯ ಮಾತನ್ನೂ ಮರೆಯುವಂತಿಲ್ಲ. ಹರಿವೆ, ದಂಟು, ಪಾಲಕ್, ನುಗ್ಗೆಸೊಪ್ಪು, ಹೆಸರುಕಾಳು, ಅಲಸಂದೆ, ಹುರುಳಿ ಇವೆಲ್ಲ ವಿಲ್ಸ್ ಅಂಶದ ಮನೆಗಳು. ಸೊಪ್ಪನ್ನು ಬಹಳ ಹೊತ್ತು ಕುದಿಸಿ ನೀರು ಚೆಲ್ಲಿದರೆ ಆ ಸತ್ವ ನೀರಿನ ಜೊತೆ ಹೋಗುತ್ತದೆ. ಬೇಯಿಸಿದ ನೀರನ್ನು ಬಸಿದು ಅದರಲ್ಲೇ ಸಾರು ಮಾಡುವ ನಮ್ಮ ಬಸ್ಸಾರಿನ ಅಜ್ಜಿಯರು ಅದನ್ನು ಚೆಲ್ಲಲಿಲ್ಲ. ಆದರೆ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಬಸುರಿ ಉಣ್ಣುವ ಪದ್ಧತಿ ಇನ್ನೂ ಎಷ್ಟೋ ಕಡೆ ಇದೆ. ಕೆಂಪು ಗುಳಿಗೆ ಆ ಪದ್ಧತಿಗೆ ಮದ್ದಲ್ಲ. ಅದನ್ನು ಬದಲಿಸಬೇಕಾದವರು ಗಂಡ, ಅತ್ತೆ, ನಾವು ನೀವು.

ಲೂಸಿ ವಿಲ್ಸ್ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ಬೆರಳು ಮುಂದೆ ಚಾಚಿ ರಕ್ತ ಕೊಟ್ಟ, ಮನೆಯಲ್ಲಿ ಏನು ಉಂಡೆವು ಎಂದು ನಾಚಿಕೆ ಬಿಟ್ಟು ಹೇಳಿದ, ರುಚಿ ಗೊತ್ತಿಲ್ಲದ ಕಪ್ಪು ಲೇಹ್ಯ ನೆಕ್ಕಿದ ಆ ಗಿರಣಿ ಹೆಂಗಸರ ಹೆಸರು ನಮ್ಮ ಕೈಗೆ ಸಿಕ್ಕಿಲ್ಲ. ಜಗತ್ತಿನ ಕೋಟಿಗಟ್ಟಲೆ ತಾಯಂದಿರು ಇವತ್ತು ನುಂಗುವ ಗುಳಿಗೆಗೆ ದಾರಿ ತೋರಿಸಿದ್ದು ಅವರ ರಕ್ತ.

ಮುಂದಿನ ತಪಾಸಣೆಯ ದಿನ ನಿಮ್ಮ ಮನೆಯ ಹೆಣ್ಣುಮಗಳ ಜೊತೆ ನೀವೂ ಹೋಗಿ. ಕಾರ್ಡಿನ ಸಂಖ್ಯೆ ನೋಡಿ. ಏರಿದ್ದರೆ ಸಂತೋಷ. ಏರದಿದ್ದರೆ ಅವಳ ಕಡೆ ಬೆರಳು ತೋರಿಸಬೇಡಿ. ಕಾರ್ಡನ್ನು ಡಾಕ್ಟರ ಮುಂದಿಟ್ಟು ಕೇಳಿ: 'ನುಂಗಿದಾಳೆ. ಯಾಕೆ ಏರಿಲ್ಲ?'